ಲಾಳಿ ನಿಲ್ಲುವ ದೂರ

ಇಂಟರ್‌ಆಕ್ಟಿವ್ ವಿಡಿಯೊ ಕೃತಿ ಮಾಡಬೇಕು ಎಂದು ಹೊರಟ ವಿದ್ಯಾರ್ಥಿಗೆ ಮೊದಲು ಹೊಳೆಯುವುದು ಸಾಮಾನ್ಯವಾಗಿ ಇದು: ಗೋಡೆಯ ಮೇಲೊಂದು ವಿಡಿಯೊ, ಅದರ ಕೆಳಗೊಂದು ಸೆನ್ಸರ್. ನೋಡುವವರು ಹತ್ತಿರ ಬಂದರೆ ಚಿತ್ರ ಮುಂದೆ ಓಡುತ್ತದೆ, ಹಿಂದೆ ಸರಿದರೆ ಚಿತ್ರವೂ ಹಿಂದಕ್ಕೆ ಹೋಗುತ್ತದೆ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ತಪ್ಪುಗಳೆಲ್ಲ ಇದೊಂದರಲ್ಲೇ ಸಿಗುತ್ತವೆ, ಅವುಗಳ ಕಾರಣಗಳೂ ಸಿಗುತ್ತವೆ.

ವಿಷಯಕ್ಕೆ ಗದಗ-ಬೆಟಗೇರಿಯ ಕೈಮಗ್ಗವನ್ನೇ ಇಟ್ಟುಕೊಳ್ಳೋಣ. ನೇಕಾರರು ಮಗ್ಗದ ಮುಂದೆ ಕುಳಿತಿದ್ದಾರೆ, ಲಾಳಿ ಎಡಕ್ಕೂ ಬಲಕ್ಕೂ ಓಡುತ್ತಿದೆ. ಆ ದೃಶ್ಯ ಎರಡು ಮೀಟರ್ ಅಗಲದ ಬಟ್ಟೆಯ ಮೇಲೆ ಬೀಳುತ್ತದೆ. ಕ್ಯಾಮೆರಾ, ಎಡಿಟಿಂಗ್, ಕೋಡ್ ಎಲ್ಲ ಮುಗಿಸಿ ಪ್ರದರ್ಶನದ ಹಿಂದಿನ ದಿನ ಕೋಣೆ ನೋಡಲು ಹೋಗುವುದು ರೂಢಿ. ಇದು ತಿರುಗುಮುರುಗಾಗಬೇಕು. ಮೊದಲು ಕೋಣೆ, ಆಮೇಲೆ ಬೆಳಕು, ಆಮೇಲೆ ಸೆನ್ಸರ್, ಎಲ್ಲಕ್ಕಿಂತ ಕೊನೆಗೆ ಚಿತ್ರೀಕರಣ. ತೊಗಲುಗೊಂಬೆ ಆಟದಲ್ಲೂ ಪರದೆ ಕಟ್ಟಿ ದೀಪ ಹಚ್ಚದೆ ಗೊಂಬೆಗೆ ಕೆಲಸವಿಲ್ಲ.

ಕೋಣೆಗೆ ಹೋಗುವಾಗ ಟೇಪ್ ಒಂದು ಕೈಯಲ್ಲಿರಲಿ. ಪ್ರೊಜೆಕ್ಟರಿನ ಕೈಪಿಡಿಯಲ್ಲಿ ಥ್ರೋ ರೇಷಿಯೊ ಎಂಬ ಸಂಖ್ಯೆ ಇರುತ್ತದೆ. ಅದು 1.5 ಆಗಿದ್ದರೆ ಎರಡು ಮೀಟರ್ ಅಗಲದ ಚಿತ್ರಕ್ಕೆ ಮೂರು ಮೀಟರ್ ದೂರ ಬೇಕು. ಕಾಲೇಜುಗಳಲ್ಲಿ ಸಿಗುವ ಹಳೆಯ 1024×768 ಪಿಕ್ಸೆಲ್ಲಿನ ಪ್ರೊಜೆಕ್ಟರ್ ಆದರೆ ಎತ್ತರ ಒಂದೂವರೆ ಮೀಟರ್, ಅಂದರೆ ಚಿತ್ರದ ವಿಸ್ತೀರ್ಣ ಮೂರು ಚದರ ಮೀಟರ್. ಪ್ರೊಜೆಕ್ಟರ್ ಕೊಡುವ ಒಟ್ಟು ಬೆಳಕು 3000 ಲ್ಯೂಮೆನ್ ಆಗಿದ್ದರೆ, ಅದನ್ನು ಮೂರು ಚದರ ಮೀಟರಿಗೆ ಹಂಚಿದಾಗ ಚದರ ಮೀಟರಿಗೆ 1000, ಅಂದರೆ 1000 ಲಕ್ಸ್. ಅದೇ ಚಿತ್ರವನ್ನು ನಾಲ್ಕು ಮೀಟರ್ ಅಗಲಕ್ಕೆ ಹಿಗ್ಗಿಸಿದರೆ ವಿಸ್ತೀರ್ಣ ಹನ್ನೆರಡು ಚದರ ಮೀಟರ್ ಆಗಿ ಬೆಳಕು 250 ಲಕ್ಸಿಗೆ ಇಳಿಯುತ್ತದೆ. ದೊಡ್ಡದಾಗಿ ತೋರಿಸುವ ಆಸೆಗೆ ತೆರುವ ಬೆಲೆ ಇದು. ಕಪ್ಪು ಎನ್ನುವುದು ಪ್ರೊಜೆಕ್ಟರಿನಿಂದ ಬರುವುದಿಲ್ಲ. ಕೋಣೆಯಲ್ಲಿ ಎಷ್ಟು ಕತ್ತಲೆ ಇದೆಯೋ ಅಷ್ಟೇ ಕಪ್ಪು. ಹಾಗಾಗಿ ಸಣ್ಣ ಚಿತ್ರ, ಗಟ್ಟಿ ಕತ್ತಲೆ, ಇವೆರಡರ ಪರ ನಾನು.

ಧಾರವಾಡದ ಹಳೆಯ ಹೆಂಚಿನ ಕಟ್ಟಡಗಳಲ್ಲಿ ಮಾಡಿನ ನಡುವೆ ಒಂದೆರಡು ಗಾಜಿನ ಹೆಂಚು ಇರುತ್ತವೆ. ಬೆಳಿಗ್ಗೆ ನೋಡಿದಾಗ ಪರದೆಯಿಂದ ಎಷ್ಟೋ ದೂರ ಬೀಳುವ ಬಿಸಿಲಿನ ಚೌಕ ಮಧ್ಯಾಹ್ನಕ್ಕೆ ನೇಕಾರರ ಮುಖದ ಮೇಲೆಯೇ ಬಂದು ಕೂರುತ್ತದೆ. ಆದ್ದರಿಂದ ಕೋಣೆಯನ್ನು ಒಂದು ಇಡೀ ದಿನ ನೋಡಬೇಕು, ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಗಂಟೆಗೊಮ್ಮೆ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಕಪ್ಪು ಬಟ್ಟೆ ಒಂದು ಪದರ ಸಾಲದು, ಎರಡು ಬೇಕು. ಈ ಗಾಜಿನ ಹೆಂಚಿನ ಮಾತು ಮುಂದೆ ಮತ್ತೆ ಬರುತ್ತದೆ.

ಪ್ರೊಜೆಕ್ಟರ್ ಮುಂದಿನಿಂದ ಬಿಟ್ಟರೆ ಹತ್ತಿರ ಬಂದವರ ನೆರಳು ಚಿತ್ರದ ಮೇಲೆ ಬೀಳುತ್ತದೆ. ಹತ್ತಿರ ಬನ್ನಿ ಎಂದು ಕರೆಯುವ ಕೃತಿಯೇ ಹತ್ತಿರ ಬಂದವರಿಗೆ ಅಡ್ಡಿ ಮಾಡಿದಂತೆ. ಹಿಂದಿನಿಂದ ಬಿಡುವುದು ಲೇಸು. ಅದಕ್ಕೆ ಬಟ್ಟೆಯ ಹಿಂದೆ ಮೂರು ಮೀಟರ್ ಜಾಗ ಬೇಕು, ಪ್ರೊಜೆಕ್ಟರಿನ ಮೆನುವಿನಲ್ಲಿ ರಿಯರ್ ಎಂದು ಆರಿಸಿ ಚಿತ್ರವನ್ನು ಎಡಬಲ ಮಗುಚಬೇಕು. ಬಟ್ಟೆಗೆ ದೂರ ಹೋಗಬೇಕಾಗಿಲ್ಲ. ಖಾದಿಯ ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇದೆ. ಖಾದಿ ಅಂಗಡಿಯ ಬಿಳಿ ಬಟ್ಟೆ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ, ಮಗ್ಗದ ಚಿತ್ರಕ್ಕಂತೂ ಅದಕ್ಕಿಂತ ಸರಿಯಾದ ಪರದೆ ಇಲ್ಲ. ತೀರಾ ತೆಳುವಾದದ್ದು ಬೇಡ. ತೆಳು ಬಟ್ಟೆಯ ಹಿಂದೆ ಲೆನ್ಸ್ ಒಂದು ಉರಿಯುವ ಚುಕ್ಕೆಯಾಗಿ ಕಾಣುತ್ತದೆ, ಕಣ್ಣು ಅದನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಬಟ್ಟೆ ಬದಲಿಸಲು ಆಗದಿದ್ದರೆ ಪ್ರೊಜೆಕ್ಟರನ್ನು ನೆಲಕ್ಕೆ ಇಳಿಸಿ ಮೇಲ್ಮುಖವಾಗಿ ಬಿಟ್ಟು, ಓರೆಯಾದ ಚಿತ್ರವನ್ನು ಮೆನುವಿನ ಕೀಸ್ಟೋನ್‌ನಿಂದ ಸರಿಪಡಿಸಿ. ಲೆನ್ಸ್ ಆಗ ನೋಟದ ನೇರಕ್ಕೆ ಬರುವುದಿಲ್ಲ. ಬಟ್ಟೆಯ ಕೆಳಗಿನ ಅಂಚನ್ನು ಮಡಚಿ ಹೊಲಿದು ಅದರೊಳಗೆ ಮರಳು ತುಂಬಿದ ಪಿವಿಸಿ ಪೈಪ್ ತೂರಿಸಿದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಬಾಗಿಲ ಗಾಳಿಗೆ ಚಿತ್ರ ಅಲುಗುವುದಿಲ್ಲ.

ಹಿಂದಿನಿಂದ ಬರುವ ಬೆಳಕು ನಮಗೆ ಹೊಸದೇನಲ್ಲ. ತೊಗಲುಗೊಂಬೆಯವರಿಗೆ ದೀಪ, ಗೊಂಬೆ, ಪರದೆ ಈ ಮೂರರ ನಡುವಿನ ಅಂತರವೇ ವಿದ್ಯೆ: ಗೊಂಬೆ ದೀಪಕ್ಕೆ ಹತ್ತಿರವಾದಷ್ಟೂ ನೆರಳು ದೊಡ್ಡದು, ಮಸುಕು. ಕಲಾವಿದೆ ನಳಿನಿ ಮಲಾನಿ 2012ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಚಿತ್ರ ಬರೆದ ಐದು ಪಾರದರ್ಶಕ ಸಿಲಿಂಡರುಗಳನ್ನು ತಿರುಗಿಸಿ, ಅವುಗಳ ಮೂಲಕ ವಿಡಿಯೊ ಹಾಯಿಸಿ ಗೋಡೆಯ ತುಂಬ ನೆರಳು ಓಡಾಡಿಸಿದರು. ಅಮೆರಿಕದ ಕಲಾವಿದ ಮೈರಾನ್ ಕ್ರೂಗರ್ 1970ರ ದಶಕದಲ್ಲೇ ಕ್ಯಾಮೆರಾದಿಂದ ನೋಡುವವರ ದೇಹದ ಆಕಾರ ಹಿಡಿದು ಅದನ್ನು ಕಂಪ್ಯೂಟರ್ ಚಿತ್ರದೊಂದಿಗೆ ಆಡಿಸಿದ್ದರು. ನಮ್ಮ ಭಾಗದ ವಿದ್ಯಾರ್ಥಿ ಈ ಮೂವರನ್ನೂ ಒಂದೇ ಸಾಲಿನಲ್ಲಿ ಇಟ್ಟು ಓದಬೇಕು.

ಈಗ ಸೆನ್ಸರ್. ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸಾನಿಕ್ ಸೆನ್ಸರ್ ಅಗ್ಗದ್ದು, ಎಲ್ಲ ಕಡೆ ಸಿಗುತ್ತದೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ 10 ಮೈಕ್ರೊಸೆಕೆಂಡಿನ ಸಂಜ್ಞೆ ಕೊಟ್ಟರೆ ಅದು ಕಿವಿಗೆ ಕೇಳಿಸದ ಶಬ್ದ ಬಿಡುತ್ತದೆ, ಪ್ರತಿಧ್ವನಿ ಬರಲು ಹಿಡಿದ ಸಮಯವನ್ನು ತಿಳಿಸುತ್ತದೆ. ಆ ಮೈಕ್ರೊಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. ಪೆಟ್ಟಿಗೆಯ ಮೇಲೆ 2ರಿಂದ 400 ಸೆಂಟಿಮೀಟರ್ ಎಂದು ಬರೆದಿದ್ದರೂ ಮನುಷ್ಯರ ಮೇಲೆ ನಂಬಬಹುದಾದದ್ದು ಎರಡೂವರೆ ಮೀಟರ್ ಒಳಗೆ. ಗೋಡೆ ಶಬ್ದವನ್ನು ನೇರ ವಾಪಸ್ಸು ಕಳಿಸುತ್ತದೆ, ಸೀರೆಯ ನೆರಿಗೆಯೂ ಹೆಗಲ ಮೇಲಿನ ಶಾಲೂ ಅದನ್ನು ನುಂಗುತ್ತವೆ. ಸೊಂಟದ ಎತ್ತರದಲ್ಲಿ, ನೆಲದಿಂದ ಸುಮಾರು 90 ಸೆಂಟಿಮೀಟರಿಗೆ ಕಟ್ಟಿದರೆ ದೊಡ್ಡವರೂ ಸಿಗುತ್ತಾರೆ, ಶಾಲೆಯ ಮಕ್ಕಳೂ ಸಿಗುತ್ತಾರೆ.

ಇಲ್ಲಿ ಎರಡು ದೋಷಗಳು ತಪ್ಪದೆ ಬರುತ್ತವೆ. ಪ್ರತಿಧ್ವನಿಗೆ ಕಾಯುವ ಪಲ್ಸ್‌ಇನ್ ಎಂಬ ಆದೇಶಕ್ಕೆ ಬೇರೆ ಮಿತಿ ಕೊಡದಿದ್ದರೆ ಅದು ಒಂದು ಇಡೀ ಸೆಕೆಂಡ್ ಕಾಯಬಲ್ಲದು, ಅಷ್ಟು ಹೊತ್ತು ಉಳಿದ ಕೆಲಸವೆಲ್ಲ ನಿಲ್ಲುತ್ತದೆ. 20,000 ಮೈಕ್ರೊಸೆಕೆಂಡಿನ ಮಿತಿ ಹಾಕಿ. ಅದು ಸುಮಾರು 345 ಸೆಂಟಿಮೀಟರಿಗೆ ಸಮ, ಅದರಾಚೆಯವರು ನಮಗೆ ಬೇಕಿಲ್ಲ. ಆ ಮಿತಿಯೊಳಗೆ ಏನೂ ಬರದಿದ್ದರೆ ಆದೇಶ 0 ಎಂದು ಹೇಳುತ್ತದೆ. ಎರಡನೆಯ ದೋಷ ಹುಟ್ಟುವುದು ಇಲ್ಲೇ: 0 ಎಂದರೆ ‘ಯಾರೂ ಇಲ್ಲ’. ಕೋಡ್ ಅದನ್ನು ‘ಸೊನ್ನೆ ಸೆಂಟಿಮೀಟರ್, ಮೂಗಿನ ಹತ್ತಿರವೇ ಬಂದಿದ್ದಾರೆ’ ಎಂದು ಓದಿಕೊಳ್ಳುತ್ತದೆ. ಖಾಲಿ ಕೋಣೆಯಲ್ಲಿ ಚಿತ್ರ ಹುಚ್ಚೆದ್ದು ಕುಣಿದರೆ ಮೊದಲು ನೋಡಬೇಕಾದದ್ದು ಈ ಸೊನ್ನೆಯನ್ನು.

ಆರ್ಡುಯಿನೊ ಓದಿದ ಸಂಖ್ಯೆ ಯುಎಸ್‌ಬಿ ತಂತಿಯಲ್ಲಿ ಪ್ರೊಸೆಸಿಂಗ್‌ಗೆ ಹೋಗುತ್ತದೆ. ಕಲಾವಿದರು ಕೋಡ್ ಬರೆಯಲೆಂದೇ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರುಮಾಡಿದ ಉಚಿತ ತಂತ್ರಾಂಶ ಇದು. ಒಂದು ಸಂಖ್ಯೆ, ಒಂದು ಹೊಸ ಸಾಲು, ಅಷ್ಟೇ ಕಳಿಸಬೇಕು, ಅದೂ 60 ಮಿಲಿಸೆಕೆಂಡಿಗೊಮ್ಮೆ ಸಾಕು. ಬಿಡುವಿಲ್ಲದೆ ಕಳಿಸಿದರೆ, ಫ್ರೇಮಿಗೆ, ಅಂದರೆ ಪರದೆಗೆ ಕಳಿಸುವ ಒಂದೊಂದು ಚಿತ್ರಕ್ಕೆ, ಒಂದೇ ಸಂಖ್ಯೆ ಓದುವ ಪ್ರೊಸೆಸಿಂಗ್ ಹಿಂದೆ ಬೀಳುತ್ತದೆ, ಓದದ ಸಂಖ್ಯೆಗಳು ಸಾಲುಗಟ್ಟಿ ನಿಲ್ಲುತ್ತವೆ. ಹತ್ತು ನಿಮಿಷದ ನಂತರ ಕೃತಿ ಪ್ರತಿಕ್ರಿಯಿಸುವುದು ಆಗಲೇ ಹೊರಟುಹೋದವರಿಗೆ. ತಂತಿ ಐದು ಮೀಟರಿಗಿಂತ ಉದ್ದ ಬೇಡ, ಯುಎಸ್‌ಬಿ 2.0ರ ಮಿತಿ ಅದು. ದೂರ ಹೆಚ್ಚಿದ್ದರೆ ಆರ್ಡುಯಿನೊವನ್ನು ಲ್ಯಾಪ್‌ಟಾಪಿನ ಹತ್ತಿರವೇ ಇರಿಸಿ.

ಇನ್ನು ಚಿತ್ರ ಮತ್ತು ದೂರದ ಗಂಟು. ಮೊದಲ ಪ್ರಯತ್ನದಲ್ಲಿ ದೂರವನ್ನು ನೇರವಾಗಿ ಫ್ರೇಮಿಗೆ ಹೊಂದಿಸುತ್ತೇವೆ: 250 ಸೆಂಟಿಮೀಟರ್ ಎಂದರೆ ಮೊದಲ ಫ್ರೇಮ್, 60 ಎಂದರೆ ಕೊನೆಯದು. ಸೆಕೆಂಡಿಗೆ 25 ಫ್ರೇಮಿನ ಹತ್ತು ಸೆಕೆಂಡ್ ವಿಡಿಯೊದಲ್ಲಿ 250 ಫ್ರೇಮ್, ನಡೆಯುವ ಜಾಗ 190 ಸೆಂಟಿಮೀಟರ್. ಸೆನ್ಸರ್ ಒಂದೇ ಸೆಂಟಿಮೀಟರ್ ತಡವರಿಸಿದರೂ ಚಿತ್ರ ಒಂದು ಫ್ರೇಮಿಗಿಂತ ಹೆಚ್ಚು ಜಿಗಿಯುತ್ತದೆ, ಸುಮ್ಮನೆ ನಿಂತವರ ಮುಂದೆ ನೇಕಾರರು ಚಳಿ ಹಿಡಿದವರಂತೆ ನಡುಗುತ್ತಾರೆ. ಮದ್ದು ಎರಡು ಹಂತದ್ದು. ಕಡೆಯ ಮೂರು ಅಳತೆಗಳಲ್ಲಿ ನಡುವಿನದನ್ನು ಆರಿಸಿಕೊಳ್ಳುವುದು ಒಂದು. ಹಳೆಯ ಬೆಲೆಯ 0.7 ಭಾಗಕ್ಕೆ ಹೊಸದರ 0.3 ಭಾಗ ಸೇರಿಸುವುದು ಇನ್ನೊಂದು. ನಡುಕ ಹೋಗುತ್ತದೆ, ಬದಲಿಗೆ ಸುಮಾರು ಕಾಲು ಸೆಕೆಂಡ್ ತಡವಾಗುತ್ತದೆ.

ಅಷ್ಟಾದರೂ ಚಿತ್ರ ತೊಡರುತ್ತದೆ, ಹಿಂದಕ್ಕೆ ಹೋಗುವಾಗಲಂತೂ ಹೆಚ್ಚು. ತಪ್ಪು ಲ್ಯಾಪ್‌ಟಾಪಿನದಲ್ಲ. ಮೊಬೈಲ್ ಎಚ್.264 ಎಂಬ ರೀತಿಯಲ್ಲಿ ಕುಗ್ಗಿಸಿಡುವ ವಿಡಿಯೊದಲ್ಲಿ ಪೂರ್ತಿ ಚಿತ್ರ ಅಲ್ಲೊಂದು ಇಲ್ಲೊಂದು. ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿಡಲಾಗಿರುತ್ತದೆ. ಹಿಂದಿನ ಒಂದು ಫ್ರೇಮ್ ಬೇಕೆಂದರೆ ಅದಕ್ಕೂ ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಅಲ್ಲಿಂದ ಮತ್ತೆ ಲೆಕ್ಕ ಹಾಕುತ್ತ ಬರಬೇಕು. ಒಂದೋ ಪ್ರತಿ ಫ್ರೇಮೂ ಕೀಫ್ರೇಮ್, ಅಂದರೆ ಪೂರ್ತಿ ಚಿತ್ರ, ಆಗುವಂತೆ ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡಬೇಕು, ಇಲ್ಲವೇ ಬಿಡಿ ಚಿತ್ರಗಳಾಗಿ ತೆಗೆದು ಮೆಮೊರಿಯಲ್ಲೇ ತುಂಬಿಡಬೇಕು. ಎರಡನೆಯದು ಭದ್ರ. 1024×768ರ ಒಂದು ಚಿತ್ರ ಮೆಮೊರಿಯಲ್ಲಿ ಮೂರು ಎಂಬಿಗೆ ಸ್ವಲ್ಪ ಹೆಚ್ಚು, 250 ಚಿತ್ರಕ್ಕೆ ಸುಮಾರು 790 ಎಂಬಿ. ಪ್ರೊಸೆಸಿಂಗ್‌ನ ಪ್ರಿಫರೆನ್ಸಸ್‌ನಲ್ಲಿ ಮೆಮೊರಿ ಮಿತಿಯನ್ನು ಏರಿಸುವುದು ಮರೆತರೆ ಅರ್ಧ ತುಂಬುವಷ್ಟರಲ್ಲಿ ನಿಂತುಬಿಡುತ್ತದೆ.

ಇಷ್ಟೆಲ್ಲ ಸರಿಹೋದ ಮೇಲೂ ಈ ಕೃತಿಯಲ್ಲಿ ಒಂದು ತಪ್ಪು ಉಳಿದಿದೆ, ಅದು ತಂತ್ರದ್ದಲ್ಲ. ನೋಡುವವರು ಕಾಲು ಮುಂದಿಟ್ಟರೆ ನೇಕಾರರು ನೇಯಬೇಕು, ಹಿಂದಿಟ್ಟರೆ ನೇಯ್ದದ್ದು ಬಿಚ್ಚಿಕೊಳ್ಳಬೇಕು. ದುಡಿಯುವ ಒಬ್ಬ ಮನುಷ್ಯನ ಕೈಕಾಲಿಗೆ ದಾರ ಕಟ್ಟಿ ನೋಡುವವರ ಕೈಗೆ ಕೊಟ್ಟಂತಾಯಿತು. ಬೆಟಗೇರಿಯ ನಿಜವಾದ ಮಗ್ಗದ ಮನೆಗೆ ಹೋಗಿ ನಿಂತರೆ ಆಗುವುದು ಇದಕ್ಕೆ ತದ್ವಿರುದ್ಧ. ಹೊರಗೆ ಬೀದಿಯವರೆಗೂ ಖಟಕ್ ಖಟಕ್ ಎಂಬ ಸದ್ದು ಕೇಳುತ್ತಿರುತ್ತದೆ. ಬಾಗಿಲಿಗೆ ಬಂದವರನ್ನು ಕಂಡು ನೇಕಾರರು ಕೈಯಲ್ಲಿದ್ದ ಆ ಒಂದು ಎಳೆ ಮುಗಿಸುತ್ತಾರೆ, ಮಗ್ಗ ನಿಲ್ಲಿಸುತ್ತಾರೆ, ತಲೆ ಎತ್ತಿ ‘ಬರ್ರಿ, ಕುಂದರ್ರಿ’ ಅನ್ನುತ್ತಾರೆ. ಬಂದವರಿಂದ ಕೆಲಸ ನಿಲ್ಲುತ್ತದೆ. ನಿಂತ ಅಷ್ಟು ಹೊತ್ತು ನೇಕಾರರ ಕೂಲಿಯಿಂದಲೇ ಹೋಗುತ್ತದೆ, ಆದರೂ ತಲೆ ಎತ್ತುತ್ತಾರೆ.

ಸಂಖ್ಯೆಯನ್ನು ಚಿತ್ರಕ್ಕೆ ಹೊಂದಿಸುವ ಆ ಒಂದು ಸಾಲಿನಲ್ಲೇ ಕೃತಿಯ ಅರ್ಥ ಇದೆ. ಸೆನ್ಸರ್ ಹೇಳುವುದು 118 ಎಂದಷ್ಟೇ. 118 ಎಂದರೆ ‘ನೇಯಿ’ ಎಂದೋ ‘ನಿಲ್ಲು’ ಎಂದೋ, ಅದನ್ನು ತೀರ್ಮಾನಿಸುವುದು ಕಲಾವಿದ. ಎರಡನೆಯ ಆವೃತ್ತಿಯಲ್ಲಿ ಆ ಸಾಲನ್ನು ಮಗುಚಬೇಕು: ಯಾರೂ ಇಲ್ಲದಾಗ ಮಗ್ಗ ಓಡುತ್ತಿರಲಿ, ಹತ್ತಿರ ಬಂದಾಗ ನಿಲ್ಲಲಿ.

ಹೀಗೆ ಮಗುಚಿದೊಡನೆ ತಂತ್ರವೂ ಹಗುರಾಗುತ್ತದೆ. ನೇಕಾರರು ನಿಧಾನವಾಗುತ್ತ ನಿಲ್ಲುವುದಿಲ್ಲ, ಎಳೆ ಮುಗಿಸಿ ನಿಲ್ಲುತ್ತಾರೆ. ಹಾಗಾಗಿ ಫ್ರೇಮ್ ಫ್ರೇಮಿಗೂ ದೂರ ಕಟ್ಟುವ ಅಗತ್ಯವೇ ಇಲ್ಲ. ನೇಯುವ ಸುತ್ತು ಒಂದು ತುಣುಕು, ನಿಲ್ಲಿಸಿ ತಲೆ ಎತ್ತುವುದು ಇನ್ನೊಂದು, ಮತ್ತೆ ಕೆಲಸಕ್ಕೆ ಬಾಗುವುದು ಮೂರನೆಯದು. ಸುತ್ತಿನಲ್ಲಿ ಪ್ರತಿ ಹೊಡೆತ ಮುಗಿಯುವ ಫ್ರೇಮಿನ ಸಂಖ್ಯೆಗಳನ್ನು ಪಟ್ಟಿ ಮಾಡಿ ಇಡಿ; ಒಂದು ತುಣುಕಿನಿಂದ ಇನ್ನೊಂದಕ್ಕೆ ದಾಟಲು ಬಿಡುವುದು ಅಲ್ಲಿ ಮಾತ್ರ. ಹೊಡೆತದ ನಡುವೆ ಬಂದವರು ಅದು ಮುಗಿಯುವವರೆಗೆ ಕಾಯುತ್ತಾರೆ, ಕಾಯುವುದು ಇಲ್ಲಿ ಸಹಜ. ನಿಲ್ಲುವ ದೂರ 120 ಸೆಂಟಿಮೀಟರ್ ಇಟ್ಟರೆ ಮತ್ತೆ ಶುರುವಾಗುವ ದೂರ 150 ಇರಲಿ. ಎರಡಕ್ಕೂ ಒಂದೇ ಗಡಿ ಇಟ್ಟರೆ 120ರಲ್ಲೇ ನಿಂತವರ ಉಸಿರಾಟಕ್ಕೂ ಮಗ್ಗ ಹತ್ತಿ ಆರುತ್ತಿರುತ್ತದೆ.

ಸದ್ದಿನದು ಬೇರೆಯೇ ಲೆಕ್ಕ. ವಿಡಿಯೊದ ಜೊತೆಗಿನ ಸದ್ದನ್ನು ಬಳಸಬೇಡಿ. ಲಾಳಿ ಬಡಿಯುವ ಒಂದೊಂದೇ ಹೊಡೆತವನ್ನು ಪ್ರತ್ಯೇಕ ಧ್ವನಿಮುದ್ರಣ ಮಾಡಿ, ಆರೇಳು ಬೇರೆ ಬೇರೆ ಹೊಡೆತ ಇರಲಿ. ಲಾಳಿ ತುದಿ ಮುಟ್ಟುವ ಫ್ರೇಮ್ ಬಂದಾಗ ಅವುಗಳಲ್ಲಿ ಒಂದು ಕೇಳಿಸಲಿ. ಇಲ್ಲಿ ಕೋಡ್ ‘ಈಗಿನ ಫ್ರೇಮ್ 47 ಆಗಿದೆಯೇ’ ಎಂದು ಕೇಳಿದರೆ ಕೆಲವು ಹೊಡೆತ ತಪ್ಪಿಹೋಗುತ್ತವೆ, ಯಾಕೆಂದರೆ ಕಂಪ್ಯೂಟರ್ 46ರಿಂದ 48ಕ್ಕೆ ಜಿಗಿದಿರಬಹುದು. ‘ಹಿಂದಿನದು 47ಕ್ಕಿಂತ ಕಡಿಮೆ ಇತ್ತೇ, ಈಗಿನದು 47 ಅಥವಾ ಹೆಚ್ಚೇ’ ಎಂದು ಕೇಳಬೇಕು. ಸಿಮೆಂಟ್ ನೆಲ, ಬೋಳು ಗೋಡೆಯ ಕೋಣೆಯಲ್ಲಿ ಹೊಡೆತದ ಸದ್ದು ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತದೆ. ಎದುರು ಗೋಡೆಗೆ ದಪ್ಪ ಕೌದಿ ಎರಡು ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿ, ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ.

ಚಿತ್ರೀಕರಣಕ್ಕೆ ಹೋಗುವುದು ಈಗ, ಏನು ಬೇಕೆಂಬುದು ಖಚಿತವಾದ ಮೇಲೆ. ಮೂರೂ ತುಣುಕು ಒಂದಕ್ಕೊಂದು ಕೂಡಬೇಕಾದ್ದರಿಂದ ಟ್ರೈಪಾಡ್ ಅಲುಗಬಾರದು, ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಆಗಿರಬೇಕು, ಒಂದೇ ಓಟದಲ್ಲಿ ತೆಗೆದಿರಬೇಕು. ನಡುವೆ ಮೋಡ ಕವಿದರೂ ಜೋಡಣೆ ಕಾಣಿಸಿಬಿಡುತ್ತದೆ. ಮಗ್ಗದ ಮನೆಯ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮೊಬೈಲ್ ತಾನಾಗಿ ಆರಿಸುವ 1/60 ಸೆಕೆಂಡಿನ ಶಟರಿನಲ್ಲಿ ಚಿತ್ರದ ಮೇಲೆ ಪಟ್ಟಿಗಳು ಹರಿದಾಡುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಬೆಳಕಿನ ಪೂರ್ತಿ ಸುತ್ತು ಒಳಗೆ ಬರುವುದರಿಂದ ಪಟ್ಟಿ ಇರುವುದಿಲ್ಲ. ಲಾಳಿಯ ವೇಗಕ್ಕೆ 1/100 ಸೂಕ್ತ. ಮೊಬೈಲಿನ ಫ್ರೇಮ್ ದರ ಒಂದೇ ಸಮ ಇರುವುದಿಲ್ಲ ಎಂಬುದೂ ನೆನಪಿರಲಿ. ತಂದ ಕೂಡಲೇ ಸ್ಥಿರ 25ಕ್ಕೆ ಪರಿವರ್ತಿಸಿಕೊಳ್ಳಿ.

ಕೆಂಪು ಬಣ್ಣದ ಬಗ್ಗೆ ಒಂದು ಮಾತು. ಮಗ್ಗದ ಮೇಲೆ ಕೆಂಪು ನೂಲಿದ್ದರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿ ತೆಗೆಯಲು ಹೋದವರಿಗೆ ಎದುರಾಗುವ ತೊಂದರೆಯೇ ಇಲ್ಲೂ ಎದುರಾಗುತ್ತದೆ. ಒಟ್ಟು ಬೆಳಕು ಸರಿಯಿದೆ ಎಂದು ಮೀಟರ್ ಹೇಳುವಾಗಲೇ ಕೆಂಪು ಚಾನೆಲ್ ತುಂಬಿ ಚೆಲ್ಲಿರುತ್ತದೆ, ರಾಶಿಯ ಮಡಿಕೆ ಸುಕ್ಕುಗಳೆಲ್ಲ ಮಾಯವಾಗಿ ಬರೀ ಕೆಂಪು ಬಳಿದಂತೆ ಕಾಣುತ್ತದೆ. ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕಿನಲ್ಲಿ, ತೆಗೆಯಿರಿ. ಇದರ ಮೇಲೆ, ಸಾಮಾನ್ಯ ವಿಡಿಯೊದಲ್ಲಿ ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಇರುತ್ತದೆ. ಎರಡು ಮೀಟರ್ ಬಟ್ಟೆಯ ಮೇಲೆ 1024 ಪಿಕ್ಸೆಲ್ ಎಂದರೆ ಒಂದೊಂದೂ ಎರಡು ಮಿಲಿಮೀಟರ್, ಬಣ್ಣದ ಚೌಕ ನಾಲ್ಕು ಮಿಲಿಮೀಟರ್. ಕಪ್ಪಿನ ಪಕ್ಕದ ಕೆಂಪು ಎಳೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದರಿಂದ. 4ಕೆ ಯಲ್ಲಿ ತೆಗೆದು ಆಮೇಲೆ ಕುಗ್ಗಿಸಿದರೆ ಅದು ಹೋಗುತ್ತದೆ.

ನಮ್ಮೂರಲ್ಲಿ ಪ್ರದರ್ಶನಕ್ಕೆ ಒಬ್ಬೊಬ್ಬರೇ ಬರುವುದು ಅಪರೂಪ. ಅಜ್ಜಿ, ಅತ್ತೆ, ಮಕ್ಕಳು ಸೇರಿ ಎಂಟು ಹತ್ತು ಮಂದಿ ಒಟ್ಟಿಗೆ ಬರುತ್ತಾರೆ. ‘ಮುಟ್ಟಬ್ಯಾಡ’ ಎಂದು ಕೇಳುತ್ತ ಬೆಳೆದವರು ಪರದೆಯಿಂದ ದೂರವೇ ನಿಲ್ಲುತ್ತಾರೆ, ಮಗು ಒಂದು ಮುಂದೆ ಓಡುತ್ತದೆ. ಅಲ್ಟ್ರಾಸಾನಿಕ್ ಸೆನ್ಸರಿಗೆ ಕಾಣುವುದು ಆ ಮಗು ಮಾತ್ರ. ಇಡೀ ಗುಂಪು ಕಾಣಬೇಕಾದರೆ ಮೇಲಿನಿಂದ ಕ್ಯಾಮೆರಾ ನೋಡಬೇಕು: ಖಾಲಿ ನೆಲದ ಒಂದು ಚಿತ್ರ ಹಿಡಿದಿಟ್ಟು, ಪ್ರತಿ ಹೊಸ ಚಿತ್ರದಿಂದ ಅದನ್ನು ಕಳೆಯುವುದು. 160×120 ಪಿಕ್ಸೆಲ್ಲಿನ ಚಿತ್ರ ಸಾಕು. ಬೆಳಕಿನ ವ್ಯತ್ಯಾಸ 0ಯಿಂದ 255ರ ಅಳತೆಯಲ್ಲಿ 30ಕ್ಕಿಂತ ಹೆಚ್ಚಿರುವ ಪಿಕ್ಸೆಲ್‌ಗಳನ್ನು ಎಣಿಸಿದರೆ ಎಷ್ಟು ನೆಲ ತುಂಬಿದೆ ಎಂದು ತಿಳಿಯುತ್ತದೆ. ವೆಬ್‌ಕ್ಯಾಮಿನ ಆಟೊ ಎಕ್ಸ್‌ಪೋಷರ್ ತೆಗೆಯದಿದ್ದರೆ ಬಿಳಿ ಅಂಗಿಯವರೊಬ್ಬರು ಬಂದೊಡನೆ ಕ್ಯಾಮೆರಾ ಎಲ್ಲವನ್ನೂ ಮಬ್ಬು ಮಾಡಿ, ಇಡೀ ನೆಲವೇ ಬದಲಾಯಿತೆಂದು ಲೆಕ್ಕ ಬರುತ್ತದೆ.

ಪರದೆಯ ಬೆಳಕೂ ನೆಲದ ಮೇಲೆ ಬಿದ್ದು ಬದಲಾಗುತ್ತಿರುತ್ತದೆ. ಕೃತಿ ತನ್ನ ಬೆಳಕನ್ನೇ ಜನ ಎಂದು ಎಣಿಸದಂತೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಳಸಬೇಕು. ಸಿಸಿಟಿವಿಗೆ ಹಾಕುವ 850 ನ್ಯಾನೊಮೀಟರ್ ದೀಪ, ಒಳಗಿನ ಇನ್‌ಫ್ರಾರೆಡ್ ತಡೆಯುವ ಗಾಜು ತೆಗೆದ ವೆಬ್‌ಕ್ಯಾಮ್, ಅದರ ಲೆನ್ಸಿನ ಮುಂದೆ, ಕಣ್ಣಿಗೆ ಕಾಣುವ ಬೆಳಕನ್ನು ತಡೆಯಲು, ತೊಳೆದ (ಡೆವಲಪ್ ಮಾಡಿದ) ಕಲರ್ ಫಿಲ್ಮ್ ರೋಲಿನ ಕಪ್ಪು ತುದಿ ಎರಡು ಪದರ. ಗಾಜು ತೆಗೆದ ಮೇಲೆ ಫೋಕಸ್ ಬದಲಾಗುತ್ತದೆ, ಲೆನ್ಸ್ ತಿರುಗಿಸಿ ಮತ್ತೆ ಕೂಡಿಸಿ.

ಆ ಗಾಜಿನ ಹೆಂಚು ಮತ್ತೆ ಬರುವುದು ಇಲ್ಲಿ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಬೇಕಾದಷ್ಟಿದೆ, ಅದು ಸರಿಯುತ್ತ ಹೋದಂತೆ ಬೆಳಿಗ್ಗೆ ಹಿಡಿದ ಖಾಲಿ ನೆಲದ ಚಿತ್ರ ಸುಳ್ಳಾಗುತ್ತದೆ. ಪುಸ್ತಕಗಳು ಹೇಳುವ ಉಪಾಯ ಎಂದರೆ ಆ ಚಿತ್ರವನ್ನು ಸ್ವಲ್ಪ ಸ್ವಲ್ಪವೇ ನವೀಕರಿಸುವುದು, ಪ್ರತಿ ಫ್ರೇಮಿಗೆ ನೂರರಲ್ಲಿ ಒಂದು ಭಾಗ. ಸೆಕೆಂಡಿಗೆ 15 ಫ್ರೇಮ್ ಇದ್ದರೆ ಏಳೆಂಟು ಸೆಕೆಂಡಿನಲ್ಲಿ ಸುಮ್ಮನೆ ನಿಂತವರು ಕರಗತೊಡಗುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಕೃತಿಯ ಲೆಕ್ಕದಲ್ಲಿ ಅವರೂ ನೆಲವೇ. ಕೈ ಬೀಸುವವರಷ್ಟೇ ಉಳಿಯುತ್ತಾರೆ. ಆದರೆ ಈ ಕೃತಿ ಕಾಯುತ್ತಿರುವುದೇ ಸುಮ್ಮನೆ ನಿಲ್ಲುವವರಿಗೆ. ಆದ್ದರಿಂದ ಆ ಉಪಾಯ ನಮಗೆ ಬೇಡ. ಏಣಿ ಹಾಕಿ ಗಾಜಿನ ಹೆಂಚನ್ನೇ ಮುಚ್ಚಬೇಕು.

ವಿದ್ಯುತ್ ಹೋಗಿ ಬರುವುದಕ್ಕೂ ತಯಾರಿರಬೇಕು. ಪ್ರೊಜೆಕ್ಟರ್ ಆರಿದಾಗ ಬ್ಯಾಟರಿಯ ಮೇಲಿರುವ ಲ್ಯಾಪ್‌ಟಾಪ್ ಎರಡನೆಯ ಪರದೆ ಇಲ್ಲವೆಂದು ತಿಳಿದು ಚಿತ್ರವನ್ನು ತನ್ನ ಪರದೆಗೆ ಎಳೆದುಕೊಳ್ಳುತ್ತದೆ, ವಿದ್ಯುತ್ ಬಂದ ಮೇಲೂ ಬಿಟ್ಟುಕೊಡದಿರಬಹುದು. ಎರಡು ಪರದೆಗೂ ಒಂದೇ ಚಿತ್ರ ಕಳಿಸುವಂತೆ ಡೂಪ್ಲಿಕೇಟ್ ಮಾಡಿಟ್ಟರೆ ಆ ತಾಪತ್ರಯವಿಲ್ಲ. ಬಲ್ಬ್ ಇರುವ ಪ್ರೊಜೆಕ್ಟರಿಗೆ ಫ್ಯಾನ್ ತಣಿಸುವಷ್ಟು ಹೊತ್ತಾದರೂ ಯುಪಿಎಸ್ ಬೇಕು. ಹುಬ್ಬಳ್ಳಿಯ ಧೂಳಿಗೆ ವಾರಕ್ಕೊಮ್ಮೆ ಫಿಲ್ಟರ್ ತೆಗೆದು ಕೊಡವಿ.

ದಾಖಲೆಗೆ ತೆಗೆಯುವಾಗ, ಬಣ್ಣಗಳನ್ನು ಒಂದಾದ ಮೇಲೊಂದು ಬಿಡುವ ಡಿಎಲ್‌ಪಿ ಪ್ರೊಜೆಕ್ಟರಿನ ಚಿತ್ರ ಬಣ್ಣ ಬಣ್ಣದ ಪಟ್ಟಿಯಾಗಿ ಬಂದರೆ ಶಟರನ್ನು 1/60ಕ್ಕೆ ಇಳಿಸಿ. ಕತ್ತಲೆ ಕೋಣೆಯಲ್ಲಿ ಟ್ಯೂಬ್‌ಲೈಟಿನ ಚಿಂತೆ ಇಲ್ಲ. ಚೌಕಟ್ಟಿನಲ್ಲಿ ನೋಡುವವರ ಬೆನ್ನು ಇರಲಿ, ಬರೀ ಪರದೆ ತೆಗೆದರೆ ಇದೊಂದು ಸಾದಾ ವಿಡಿಯೊ ಆಗಿಬಿಡುತ್ತದೆ. ಇದಕ್ಕಿಂತ ಬೆಲೆಯುಳ್ಳ ದಾಖಲೆ ಇನ್ನೊಂದಿದೆ. ಸೆನ್ಸರಿನ ಸಂಖ್ಯೆಯನ್ನು ಸೆಕೆಂಡಿಗೊಮ್ಮೆ ಸಮಯದ ಜೊತೆ ಒಂದು ಪಠ್ಯದ ಫೈಲಿಗೆ ಬರೆಸಿ, ಆರು ಗಂಟೆಯ ಪ್ರದರ್ಶನಕ್ಕೆ 21,600 ಸಾಲು. ಅದನ್ನು ಗ್ರಾಫ್ ಮಾಡಿದಾಗ ಹೆಚ್ಚಿನ ಗೆರೆಗಳು ಇಳಿದು ಕೂಡಲೇ ಏರಿದ್ದರೆ ಜನ ಬಂದು ನೋಡಿ ಹೋಗಿದ್ದಾರೆ. 120ರ ಕೆಳಗೆ ಇಳಿದು ಅಲ್ಲೇ ಚಪ್ಪಟೆಯಾಗಿ ಉಳಿದ ಗೆರೆ ಕಂಡರೆ, ತಲೆ ಎತ್ತಿದ ನೇಕಾರರ ಎದುರು ಅಲ್ಲಿ ಯಾರೋ ನಿಂತಿದ್ದರು.